ಡಾಕ್ಟರಿಗೆ ಕಾಡಿನ ಮಾತನ್ನೂ ಹೇಳಿ



ನಾನು ಡಾಕ್ಟರಲ್ಲ, ಉರ್ದು, ಕನ್ನಡ ಕಲಿಸುವ ಶಿಕ್ಷಕಿ. ಆದರೂ ಮಂಗನ ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಮನೆಯ ದಾದಿಮಾ ‘ಬುಖಾರ್ ಹೈ’ ಎಂದಾಗ ಆಸ್ಪತ್ರೆಯಲ್ಲಿ ಅದನ್ನು ಕನ್ನಡದಲ್ಲಿ ಹೇಳುವವರು ನೀವೇ ತಾನೇ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಈ ರೋಗ ಪತ್ತೆಯಾಯಿತು. ಹೆಸರು ಮಂಗನದು, ಆದರೆ ನಮಗೆ ಅಂಟಿಸುವುದು ಕಾಡಿನ ಉಣ್ಣೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡಬೇಡಿ.

ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ವಿಪರೀತ ತಲೆನೋವು, ಮೈಕೈ ನೋವು, ವಾಂತಿ ಬರುತ್ತವೆ. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುತ್ತದೆ. ಡೆಂಗ್ಯೂ, ಇಲಿಜ್ವರವೂ ಹೀಗೆಯೇ ಕಾಣುತ್ತವೆ. ‘ತರಗೆಲೆ ತರಲು ಕಾಡಿಗೆ ಹೋಗಿದ್ದರು, ಅಲ್ಲಿ ಮಂಗ ಸತ್ತಿತ್ತು’ ಎಂಬ ಒಂದು ವಾಕ್ಯವೇ ವೈದ್ಯರಿಗೆ ದಾರಿ ತೋರಿಸುತ್ತದೆ. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ನಂತರ ಎಲಿಸಾ ರಕ್ತಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ.

ಇದಕ್ಕೆಂದೇ ಇರುವ ಔಷಧಿಯಿಲ್ಲ. ದೇಹದ ನೀರಿನಂಶ, ರಕ್ತದೊತ್ತಡ, ರಕ್ತಸ್ರಾವ ನೋಡಿಕೊಳ್ಳುವುದೇ ಚಿಕಿತ್ಸೆ. ಅಂಗಡಿಯ ನೋವಿನ ಮಾತ್ರೆ ನುಂಗಬೇಡಿ. ಆಸ್ಪಿರಿನ್‌ನಂಥವು ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಬಿಟ್ಟಿತೆಂದು ಮೈಮರೆಯಲೂಬಾರದು. ಕೆಲವರಿಗೆ ಒಂದೆರಡು ವಾರಗಳ ಬಳಿಕ ಜ್ವರ ಮರಳಿ, ಕತ್ತು ಬಿಗಿದು, ಮಾತು ತಡವರಿಸುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಿ.

ಹಳೆಯ ಲಸಿಕೆ 2022ರಲ್ಲಿ ನಿಂತಿದೆ. ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಡೇಪಾ ಎಣ್ಣೆ ಹಚ್ಚಿ, ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಲಿ.

ಮಕ್ಕಳೇ, ನೀವು ಕಲಿತ ಎರಡು ಭಾಷೆಗಳು ಪರೀಕ್ಷೆಗೆ ಮಾತ್ರವಲ್ಲ. ಹಿರಿಯರ ಮಾತನ್ನು ಅರ್ಧಕ್ಕೆ ಬಿಡದೆ ಪೂರ್ತಿ ಹೇಳಿ. ಅದು ಒಂದು ಜೀವ ಉಳಿಸೀತು.