60 ದಿನದ ಮಾತು

ನವೆಂಬರ್ 21. ನಮಗೆ ಈ ತಾರೀಖಿನಲ್ಲಿ ವಿಶೇಷ ಏನೂ ಕಾಣಲ್ಲ. ಪಕ್ಕದ ನೇಪಾಳದವರಿಗೆ ಕಾಣುತ್ತೆ. 2006ರಲ್ಲಿ ಇದೇ ದಿನ ಕಠ್ಮಂಡುವಿನಲ್ಲಿ ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲಾ ಮತ್ತು ಮಾವೋವಾದಿ ನಾಯಕ ಪ್ರಚಂಡ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. 1996ರಲ್ಲಿ ಶುರುವಾದ ಅಂತರ್ಯುದ್ಧ ಮುಗೀತು. ಹತ್ತು ವರ್ಷದಲ್ಲಿ ಸತ್ತವರು ಸುಮಾರು 17 ಸಾವಿರ ಜನ.

ಅದು ಸಣ್ಣ ಸಾಧನೆ ಅಂತ ನಾನು ಹೇಳಲ್ಲ. ಇದಕ್ಕೆ ದಾರಿ ಮಾಡಿದ 12 ಅಂಶಗಳ ಒಡಂಬಡಿಕೆ ಆಗಿದ್ದು 2005ರಲ್ಲಿ, ನಮ್ಮ ದೆಹಲಿಯಲ್ಲೇ. ಒಪ್ಪಂದದ ನಂತರ ಬಂಡುಕೋರರು ಶಿಬಿರ ಸೇರಿದರು. ವಿಶ್ವಸಂಸ್ಥೆ ಒಬ್ಬೊಬ್ಬರನ್ನೂ ಪರಿಶೀಲಿಸಿ 19,602 ಹೋರಾಟಗಾರರು ಅಂತ ಲೆಕ್ಕ ಕೊಟ್ಟಿತು. ಬಂದೂಕುಗಳನ್ನ ಎಣಿಸಿ, ಕಂಟೇನರ್‌ಗೆ ತುಂಬಿ ಬೀಗ ಹಾಕಿದರು. 2008ರಲ್ಲಿ ರಾಜಪ್ರಭುತ್ವವೇ ಹೋಯಿತು. ಮತ್ತೆ ಯುದ್ಧ ಆಗಲಿಲ್ಲ. ಭೇಷ್ ಅನ್ನಲೇಬೇಕು.

ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ಯುದ್ಧದಲ್ಲಿ ಸತ್ತವರ, ಕಣ್ಮರೆಯಾದವರ ಹೆಸರು, ವಿಳಾಸವನ್ನ 60 ದಿನದೊಳಗೆ ಎರಡೂ ಕಡೆಯವರು ಬಹಿರಂಗ ಮಾಡಬೇಕು, ಮನೆಯವರಿಗೆ ತಿಳಿಸಬೇಕು ಅಂತ. ಏನಾಯ್ತು? 60 ದಿನ ಕಳೀತು, ವರ್ಷಗಳೇ ಕಳೆದವು. ತನಿಖೆಗೆ ಆಯೋಗ ರಚನೆಯಾಗಿದ್ದೇ 2015ರಲ್ಲಿ. 1,300ಕ್ಕೂ ಹೆಚ್ಚು ಮನೆಗಳು ಇನ್ನೂ ಕಾಯ್ತಾ ಇವೆ.

ಕಾಯೋದು ಅಂದ್ರೆ ಏನು ಗೊತ್ತಾ? ಗಂಡ ಇದ್ದಾನೋ ಇಲ್ಲವೋ ತಿಳಿಯದ ಹೆಂಗಸು ಸಿಂಧೂರ ಇಟ್ಟರೂ ಮಾತು, ಅಳಿಸಿದರೂ ಮಾತು. ಮಗನಿಗೆ ತಿಥಿ ಮಾಡೋಣ ಅಂದರೆ ತಾಯಿಗೆ ಮನಸ್ಸು ಒಪ್ಪಲ್ಲ. ಅವನ ಪಾಲಿನ ಜಮೀನು ಬರೆಸಿಕೊಳ್ಳೋಣ ಅಂದರೆ ಮರಣ ಪತ್ರ ಕೇಳ್ತಾರೆ.

ಯಾಕೆ ಹೀಗೆ? ಉತ್ತರ ಕಷ್ಟದ್ದಲ್ಲ. ಜನರನ್ನ ಎತ್ತಿಕೊಂಡು ಹೋದವರಲ್ಲಿ ಸೇನೆಯವರೂ ಇದ್ದರು, ಮಾವೋವಾದಿಗಳೂ ಇದ್ದರು. ಪ್ರಚಂಡ ಮುಂದೆ ಮೂರು ಸಲ ಪ್ರಧಾನಿಯಾದರು. ಕೊಯಿರಾಲಾ ಅವರ ನೇಪಾಳಿ ಕಾಂಗ್ರೆಸ್ಸೂ ಅಧಿಕಾರ ನಡೆಸಿತು. ಪಟ್ಟಿ ಹೊರಬಂದರೆ ಇಬ್ಬರ ಕಡೆಯ ಪಾಪವೂ ಹೊರಬರುತ್ತೆ. ಬೇರೆ ಎಲ್ಲದಕ್ಕೂ ಕಿತ್ತಾಡೋರು ಈ ಒಂದು ಮೌನದಲ್ಲಿ ಮಾತ್ರ ಜೊತೆಯಾದರು.

ಬಂದೂಕಿನ ಲೆಕ್ಕ ಇಟ್ಟವರಿಗೆ ಮನುಷ್ಯರ ಲೆಕ್ಕ ಕಷ್ಟವೇ? ವರ್ಷಾಚರಣೆ ಮಾಡಲಿ, ದೀಪ ಹಚ್ಚಲಿ, ನನ್ನ ತಕರಾರಿಲ್ಲ. ಅವತ್ತಿನ ಸಭೆಯಲ್ಲಿ ಆ ಹೆಸರುಗಳನ್ನೂ ಓದಲಿ. ಸತ್ತಿದ್ದಾನೆ ಅಂತಾದರೂ ಹೇಳಿ ಅಂತ ಒಬ್ಬ ತಾಯಿ ಕೇಳುವವರೆಗೆ ಯಾವ ಯುದ್ಧವೂ ಪೂರ್ತಿ ಮುಗಿದಿರಲ್ಲ.