ಚೆಂಡಿನ ಬೆನ್ನು ಹತ್ತಿದ ಕ್ಯಾಮೆರಾಗಳು

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ಟೆಕ್ನಿಕಲ್ ವಿಷಯ ಬೇಡಮ್ಮ, ಊಟ ಆದ್ಮೇಲೆ ಎಲ್ಲರಿಗೂ ನಿದ್ದೆ ಬರುತ್ತೆ" ಎಂದು ಗೆಳತಿಯೊಬ್ಬಳು ಎಚ್ಚರಿಸಿದ್ದಾಳೆ. ಆದರೆ ಐಪಿಎಲ್ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ನಿದ್ದೆ ಕೆಡಿಸುವ ಪ್ರಶ್ನೆಯೇ ಇದು: ಚೆಂಡು ಸ್ಟಂಪಿಗೆ ತಾಗುತ್ತದೆ ಎಂದು ಯಂತ್ರವೇ ತೋರಿಸುತ್ತಿದೆ, ಆದರೂ 'ಅಂಪೈರ್ಸ್ ಕಾಲ್', ನಾಟೌಟ್. ಯಾಕೆ?

ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ, ಕಷ್ಟ. ದೂರ ಎಷ್ಟೆಂದು ತಿಳಿಯಲು ಎರಡು ಕಣ್ಣು ಬೇಕು. ಪಾಲ್ ಹಾಕಿನ್ಸ್ ರೂಪಿಸಿದ ಹಾಕ್-ಐ ಮಾಡುವುದೂ ಇದನ್ನೇ. 2001ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್-ಪಾಕಿಸ್ತಾನ ಟೆಸ್ಟ್ ನಡೆದಾಗ ಟಿವಿ ನೋಡುವವರಿಗಾಗಿ ಅದು ಮೊದಲು ಬಂತು. ಮೈದಾನದ ಸುತ್ತ ಎತ್ತರದಲ್ಲಿ ಸಾಮಾನ್ಯವಾಗಿ ಆರು ಕ್ಯಾಮೆರಾ. ಪ್ರತಿಯೊಂದೂ ತನ್ನ ಚಿತ್ರದಲ್ಲಿ ಚೆಂಡನ್ನು ಹುಡುಕುತ್ತದೆ. ಆ ದಿಕ್ಕುಗಳ ಗೆರೆಗಳು ಎಲ್ಲಿ ಸೇರುತ್ತವೋ ಅಲ್ಲಿ ಚೆಂಡಿದೆ.

ವೇಗದ ಲೆಕ್ಕವನ್ನೂ ನೋಡಿ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಓಡುತ್ತದೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಎರಡು ಚಿತ್ರಗಳ ನಡುವೆ ಅದು ಒಂದೂವರೆ ಮೀಟರ್ ದಾಟಿರುತ್ತದೆ! 340 ಚಿತ್ರ ತೆಗೆದರೆ ಆ ಅಂತರ 11 ಸೆಂ.ಮೀ.ಗೆ ಇಳಿಯುತ್ತದೆ.

ಇಲ್ಲಿಯವರೆಗೆ ಅಳತೆ. ಚೆಂಡು ಪ್ಯಾಡಿಗೆ ಬಡಿದ ಮೇಲೆ ನಾವು ನೋಡುವ ದಾರಿ ಮಾತ್ರ ನಡೆಯದೇ ಹೋದದ್ದು, ಅಂದರೆ ಊಹೆ. ಪಿಚ್ ಆಗಿ ತಕ್ಷಣ ಪ್ಯಾಡಿಗೆ ಬಡಿದರೆ ಊಹೆಗೆ ಸಿಗುವ ಚಿತ್ರಗಳೂ ಕಡಿಮೆ. ಅದಕ್ಕೇ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ವಿಕೆಟ್ಟಿಗೆ ತಾಗುವಂತಿದ್ದರೆ ಅಂಪೈರ್ ಕೊಟ್ಟ ತೀರ್ಪೇ ನಿಲ್ಲುತ್ತದೆ. ನನ್ನ ಪ್ರಕಾರ ಇದು ಕ್ರಿಕೆಟ್ಟಿನ ಅತ್ಯಂತ ಪ್ರಾಮಾಣಿಕ ನಿಯಮ, ಮನೆಯವರು ಒಪ್ಪುವುದಿಲ್ಲ.

ನಮ್ಮ ಅನಿಲ್ ಕುಂಬ್ಳೆ ಇದರ ಎಲ್ಲ ಮಗ್ಗುಲನ್ನೂ ಕಂಡವರು. 2008ರಲ್ಲಿ ಶ್ರೀಲಂಕಾದಲ್ಲಿ ರಿವ್ಯೂ ಪ್ರಯೋಗ ನಡೆದಾಗ ಅವರೇ ಭಾರತದ ನಾಯಕ. ಆಮೇಲೆ ತನ್ನ ದ್ವಿಪಕ್ಷೀಯ ಸರಣಿಗಳಲ್ಲಿ ಬಾಲ್-ಟ್ರ್ಯಾಕಿಂಗನ್ನು ಭಾರತ ವರ್ಷಗಟ್ಟಲೆ ದೂರವಿಟ್ಟಿತು. 2016ರಲ್ಲಿ ಇಂಗ್ಲೆಂಡ್ ವಿರುದ್ಧ ಒಪ್ಪಿಕೊಂಡಾಗ ಕುಂಬ್ಳೆ ಕೋಚ್. 2021ರಲ್ಲಿ ಅಂಪೈರ್ಸ್ ಕಾಲ್ ಉಳಿಯಲಿ ಎಂದ ಐಸಿಸಿ ಕ್ರಿಕೆಟ್ ಸಮಿತಿಗೂ ಅವರೇ ಅಧ್ಯಕ್ಷರು.

ಯಂತ್ರ ಸೋಲುವುದು ಹೇಗೆ? ಜೂನ್ 2020ರಲ್ಲಿ ಇಂಗ್ಲೆಂಡಿನ ಫುಟ್ಬಾಲಿನಲ್ಲಿ ಆಸ್ಟನ್ ವಿಲ್ಲಾ ಗೋಲ್‌ಕೀಪರ್ ಚೆಂಡು ಹಿಡಿದುಕೊಂಡೇ ಗೆರೆ ದಾಟಿದ. ಅವನ ಮೈ, ಆಟಗಾರರು, ಗೋಲ್‌ಪೋಸ್ಟ್ ಅಡ್ಡ ಬಂದು ಏಳೂ ಕ್ಯಾಮೆರಾಗಳಿಗೆ ಚೆಂಡು ಕಾಣಲಿಲ್ಲ. ರೆಫ್ರಿಯ ಗಡಿಯಾರ ಮಿಡಿಯಲಿಲ್ಲ, ಶೆಫೀಲ್ಡ್ ಯುನೈಟೆಡ್‌ಗೆ ಗೋಲು ಸಿಗಲಿಲ್ಲ, ಪಂದ್ಯ 0-0. ಸೀಸನ್ ಕೊನೆಗೆ ವಿಲ್ಲಾ ಒಂದೇ ಅಂಕದಿಂದ ಪ್ರೀಮಿಯರ್ ಲೀಗಿನಲ್ಲಿ ಉಳಿಯಿತು. 34 ಅಂಕದ ಬೋರ್ನ್‌ಮತ್, ವಾಟ್ಫರ್ಡ್ ಕೆಳಗಿಳಿದವು.

ಟೆನಿಸ್ ಇನ್ನೂ ಮುಂದೆ ಹೋಗಿದೆ. 2025ರಿಂದ ವಿಂಬಲ್ಡನ್‌ನಲ್ಲಿ ಲೈನ್ ಜಡ್ಜ್‌ಗಳೇ ಇಲ್ಲ.

ಮಹಿಳಾ ಕ್ರಿಕೆಟ್ಟಿನದು ಬೇರೆಯೇ ಕಥೆ. 2017ರ ವಿಶ್ವಕಪ್‌ನಲ್ಲಿ ಡಿಆರ್‌ಎಸ್ ಇದ್ದದ್ದು ಟಿವಿಯಲ್ಲಿ ಬಂದ ಪಂದ್ಯಗಳಿಗೆ ಮಾತ್ರ. ಕ್ಯಾಮೆರಾ ಇಲ್ಲದಿದ್ದರೆ ರಿವ್ಯೂ ಕೂಡ ಇಲ್ಲ. 2023ರ ಮೊದಲ ಡಬ್ಲ್ಯುಪಿಎಲ್‌ನಲ್ಲಿ ವೈಡ್, ನೋಬಾಲ್‌ಗೂ ರಿವ್ಯೂ ಕೇಳಬಹುದಿತ್ತು. ಆರು ವರ್ಷದಲ್ಲಿ ಇಷ್ಟು ದೂರ. ಆದರೆ ನಮ್ಮ ಹೆಣ್ಣುಮಕ್ಕಳು ಆಡುವ ಕಾಲೇಜು ಮೈದಾನಗಳಲ್ಲಿ ಇವತ್ತಿಗೂ ಎತ್ತಿದ ಬೆರಳೇ ಕೊನೆಯ ಮಾತು.

ಪ್ರಶ್ನೆಗಳಿದ್ದರೆ ಕಾಫಿ ಹೊತ್ತಿನಲ್ಲಿ ಕೇಳಿ.