ನಿನ್ನೆಯ ರೊಟ್ಟಿ

ಇವತ್ತು ನಿಮ್ಮ ಮುಂದೆ ಇಡುವ ವಿಷಯ ಬಹಳ ಸಣ್ಣದು. ರೊಟ್ಟಿ ಬುಟ್ಟಿಯ ತಳದಲ್ಲಿ ಉಳಿಯುವ ನಿನ್ನೆಯ ರೊಟ್ಟಿಯ ವಿಚಾರ. "ಇದೂ ಒಂದು ಭಾಷಣದ ಮಾತೇ?" ಅಂತ ನೀವು ನಗಬಹುದು. ನಗಿರಿ, ಆದರೆ ಒಂದು ಲೆಕ್ಕ ಕೇಳಿ ನಗಿರಿ. ಒಂದು ಜೋಳದ ರೊಟ್ಟಿಗೆ ಸುಮಾರು 65 ಗ್ರಾಂ ಹಿಟ್ಟು ಹಿಡಿಯುತ್ತದೆ ಅನ್ನೋಣ. ದಿನಕ್ಕೆ ಎರಡೇ ಎರಡು ರೊಟ್ಟಿ ಕೆಟ್ಟು ಹೊರಗೆ ಹೋದರೆ ವರ್ಷಕ್ಕೆ 47 ಕಿಲೋ ಹಿಟ್ಟು ಹೋಯಿತು. ಮಳೆಯನ್ನೇ ನಂಬಿದ ಹಿಂಗಾರಿ ಜೋಳ ಎಕರೆಗೆ ಮೂರೂವರೆ ಕ್ವಿಂಟಲ್ ಬರುವ ಹೊಲವಾದರೆ, ಅದು ಐದು ಗುಂಟೆಗೂ ಮೀರಿದ ಬೆಳೆ. ಬಿತ್ತಿ, ಎಡೆ ಹೊಡೆದು, ಹಕ್ಕಿ ಕಾಯ್ದು, ಕೊಯ್ದು, ರಾಶಿ ಮಾಡಿ, ಬೀಸಿ, ಬಡಿದು, ಬೇಯಿಸಿ, ಆಮೇಲೆ ತಿಪ್ಪೆಗೆ!

ಎಲ್ಲ ಮನೆಗಳಲ್ಲಿ ತಿಪ್ಪೆಗೆ ಹೋಗುವುದಿಲ್ಲ, ಗೊತ್ತು. ಎಷ್ಟೋ ಮನೆಗಳಲ್ಲಿ ಅದು ಹೋಗುವ ಜಾಗವೇ ಬೇರೆ. ಗಂಡಸರಿಗೆ, ಮಕ್ಕಳಿಗೆ ಬಿಸಿ ರೊಟ್ಟಿ ಪಲ್ಯ ಬಡಿಸಿ, ಕೊನೆಗೆ ಮನೆಯ ಹೆಣ್ಣುಮಗಳು ನಿನ್ನೆಯ ರೊಟ್ಟಿಯನ್ನು ಒಂದು ಚಿಟಿಕೆ ಚಟ್ನಿಯಲ್ಲೋ ಬರೀ ಉಪ್ಪು ಖಾರದಲ್ಲೋ ತಿಂದು ಏಳುತ್ತಾಳೆ. ಪಲ್ಯ ಅಷ್ಟೊತ್ತಿಗೆ ಮುಗಿದಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತ ಕಡಿಮೆ ಅಂತ ಕಂಡುಬಂತು. ಇದಕ್ಕೆ ಕಾರಣ ಹಲವು. ತಂಗಳು ರೊಟ್ಟಿ ತಿಂದದ್ದರಿಂದಲೇ ರಕ್ತ ಕಡಿಮೆಯಾಯಿತು ಅಂತ ನಾನು ಹೇಳುವುದಿಲ್ಲ. ರೊಟ್ಟಿ ತಂಗಳಾದರೂ ಜೋಳದ ಸತ್ವ ಎಲ್ಲಿಗೂ ಹೋಗದು. ಅದರ ಜೊತೆಗೆ ಕಾಳು, ಸೊಪ್ಪು ಇಲ್ಲದಿರುವುದೇ ತೊಂದರೆ. ಆದ್ದರಿಂದ ಉಳಿದ ರೊಟ್ಟಿಯನ್ನು ಒಬ್ಬಳ ಪಾಲಿಗೆ ಬಿಡದೆ, ಮನೆಯವರೆಲ್ಲ ಕೂತು ತಿನ್ನುವ ಅಡಿಗೆಯಾಗಿ ಮಾಡುವುದು ಹೇಗೆ ಅಂತ ನೋಡೋಣ.

ಮೊದಲು ಒಂದು ಮಾತು. ಉಳಿದ ರೊಟ್ಟಿಯ ಹಣೆಬರಹ ಬೆಳಿಗ್ಗೆ ಅಲ್ಲ, ಹಿಂದಿನ ರಾತ್ರಿಯೇ ಬರೆದಾಗಿರುತ್ತದೆ. ಊಟ ಮುಗಿದ ಮೇಲೆ ಬಿಸಿ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದರೆ ಹಬೆ ನೀರಾಗಿ ರೊಟ್ಟಿಗೇ ಇಳಿಯುತ್ತದೆ. ಮಳೆಗಾಲದಲ್ಲಿ ಎರಡನೆಯ ದಿನಕ್ಕೇ ಬೂಸ್ಟು ಕಾಣಬಹುದು. ರೊಟ್ಟಿಯನ್ನು ಬುಟ್ಟಿಯಲ್ಲೋ ಮರದಲ್ಲೋ ಬಿಡಿಬಿಡಿಯಾಗಿ ಹರಡಿ, ಪೂರ್ತಿ ಆರಿದ ಮೇಲೆ ತೆಳು ಅರಿವೆ ಮುಚ್ಚಿಡಿ. ನಾಳೆ ಬೆಳಿಗ್ಗೆಯೇ ಮುಗಿಯುವಷ್ಟನ್ನು ಹಾಗೇ ಇಡಿ. ಅದಕ್ಕಿಂತ ಹೆಚ್ಚಿದ್ದರೆ ಅಂದೇ ರಾತ್ರಿ ಕಟಿ ಮಾಡಿಬಿಡಿ.

ಉತ್ತರ ಕರ್ನಾಟಕದ ಅಕ್ಕಂದಿರಿಗೆ ಕಟಿ ರೊಟ್ಟಿ ಮಾಡುವುದನ್ನು ನಾನು ಕಲಿಸಬೇಕಾಗಿಲ್ಲ. ತೆಳುವಾಗಿ ಬಡಿದ ರೊಟ್ಟಿಯನ್ನು ಒಲೆಯ ಸುತ್ತ ಕೆಂಡದ ಕಾವಿಗೆ ನಿಲ್ಲಿಸಿ ಒಣಗಿಸುವ ರೂಢಿ ಹಳೆಯದು. ಅದೇ ಉಪಾಯ ಉಳಿದ ಮೆತ್ತನೆಯ ರೊಟ್ಟಿಗೂ ನಡೆಯುತ್ತದೆ. ಗ್ಯಾಸ್ ಒಲೆಯಿದ್ದರೆ ಹಂಚನ್ನು ಸಣ್ಣ ಉರಿಯಲ್ಲಿಟ್ಟು, ಮಡಿಸಿದ ಅರಿವೆಯಿಂದ ಒತ್ತುತ್ತಾ ಎರಡೂ ಬದಿ ನಿಧಾನ ಸುಡಿ. ಉರಿ ಜೋರು ಮಾಡಿದರೆ ಮೇಲೆ ಕರಕಲಾಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಪರೀಕ್ಷೆ ಸುಲಭ. ಆರಿದ ಮೇಲೆ ಮುರಿದು ನೋಡಿ. ಟಕ್ ಅಂತ ಮುರಿದರೆ ಸರಿ. ಬಾಗಿದರೆ ಇನ್ನೂ ನೀರಿದೆ, ಮತ್ತೆ ಹಂಚಿಗೆ ಹಾಕಿ. ಚೆನ್ನಾಗಿ ಒಣಗಿದ್ದನ್ನು ಮಾತ್ರ ಡಬ್ಬಿಗೆ ತುಂಬಿ.

ಇನ್ನು ಅಡಿಗೆ. ನನ್ನ ಕೇಳಿದರೆ ಮೊದಲ ಮಣೆ ಒಗ್ಗರಣೆ ರೊಟ್ಟಿಗೆ. ನಾಲ್ಕು ಜನಕ್ಕೆ ಆರು ರೊಟ್ಟಿ ಸಾಕು. ರೊಟ್ಟಿಯನ್ನು ಅವಲಕ್ಕಿಗಿಂತ ದಪ್ಪ, ಬೆರಳ ತುದಿಯಷ್ಟು ಚೂರು ಮಾಡಿ. ಮೆತ್ತನೆಯ ರೊಟ್ಟಿಯಾದರೆ ತಿಳಿ ಮಜ್ಜಿಗೆ ಚಿಮುಕಿಸಿ ಕಲಸಿದರೆ ಸಾಕು. ಕಟಿ ರೊಟ್ಟಿಯಾದರೆ ಒಂದೂವರೆ ಬಟ್ಟಲು ಮಜ್ಜಿಗೆಯಲ್ಲಿ ಹತ್ತು ನಿಮಿಷ ಬಿಡಿ. ಚೂರು ಒತ್ತಿದರೆ ಮಣಿಯಬೇಕು, ಆದರೆ ಮುದ್ದೆಯಾಗಬಾರದು. ಇಲ್ಲೇ ಬಹಳ ಜನ ಅವಸರಪಟ್ಟು ನೀರು ಸುರಿದು ಗಂಜಿ ಮಾಡಿಬಿಡುತ್ತಾರೆ.

ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಹೆಚ್ಚಿದ ಎರಡು ಉಳ್ಳಾಗಡ್ಡಿ, ಅರಿಷಿಣ ಹಾಕಿ. ಈರುಳ್ಳಿ ಅನ್ನುವವರು ಈರುಳ್ಳಿಯನ್ನೇ ಹಾಕಿ, ರುಚಿ ಒಂದೇ! ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಮೊಳಕೆ ಬರಿಸಿ ಬೇಯಿಸಿದ ಹೆಸರು ಅಥವಾ ಮಡಿಕೆ ಕಾಳು ಒಂದು ಬಟ್ಟಲು, ಒಂದು ಹಿಡಿ ಮೆಂತ್ಯ ಇಲ್ಲವೆ ನುಗ್ಗೆ ಸೊಪ್ಪು. ಸೊಪ್ಪು ಬಾಡಿದ ಮೇಲೆ ರೊಟ್ಟಿ ಚೂರು, ಉಪ್ಪು. ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ. ಇಳಿಸಿದ ಮೇಲೆ ಶೇಂಗಾ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ.

ಕಾಳು ಬಿಟ್ಟು ಮಾಡಿದರೂ ಒಗ್ಗರಣೆ ರೊಟ್ಟಿಯೇ, ನಿಜ. ಆದರೆ ಕಾಳು ಬಿಡಬೇಡಿ. ಮೈಕಟ್ಟುವ ಸತ್ವದಲ್ಲಿ ಲೈಸಿನ್ ಎಂಬ ಒಂದು ಅಂಶವುಂಟು, ಜೋಳದಲ್ಲಿ ಅದು ಕಡಿಮೆ, ಕಾಳಿನಲ್ಲಿ ಹೆಚ್ಚು. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಿಂಬೆಯ ಹುಳಿ, ಧಾನ್ಯ ಮತ್ತು ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯುವಂತೆ ಮಾಡುತ್ತದೆ. ಅದಕ್ಕೇ ತಿಂದ ಕೂಡಲೇ ಚಹಾ ಬೇಡ. ಚಹಾದ ಒಗರು ಆ ಕಬ್ಬಿಣವನ್ನು ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ.

ಹಲ್ಲಿಲ್ಲದ ಅಜ್ಜ ಅಜ್ಜಿ, ಎರಡು ವರ್ಷದ ಕೂಸು ಮನೆಯಲ್ಲಿದ್ದರೆ ಬೇಳೆ ರೊಟ್ಟಿ ಒಳ್ಳೆಯದು. ತೊಗರಿಬೇಳೆಯನ್ನು ಸೊಪ್ಪಿನ ಜೊತೆ ತೆಳ್ಳಗೆ ಬೇಯಿಸಿ ಕುದಿಯುವಾಗ ರೊಟ್ಟಿ ಚೂರು ಹಾಕಿ, ಮೆತ್ತಗಾಗುವ ತನಕ ಬಿಡಿ. ಮೇಲೆ ಒಂದು ಚಮಚ ತುಪ್ಪ. ಮುಟಗಿಯನ್ನು ಬಿಸಿ ರೊಟ್ಟಿಯಲ್ಲೇ ಕುಟ್ಟಬೇಕು ಅನ್ನುವುದು ರೂಢಿ. ಆದರೂ ನಿನ್ನೆಯ ದಪ್ಪ ರೊಟ್ಟಿಗೆ ನೀರು ಸವರಿ ಹಂಚಿನ ಮೇಲೆ ಬಿಸಿ ಮಾಡಿಕೊಂಡು, ಬೆಳ್ಳುಳ್ಳಿ, ಖಾರ, ಉಪ್ಪು, ಎಣ್ಣೆ ಕೂಡಿಸಿ ಕುಟ್ಟಿದರೆ ಹೊಲಕ್ಕೆ ಕಟ್ಟಿಕೊಂಡು ಹೋಗಲು ಬಹಳ ಸೊಗಸು. ನೀರು ಏಕೆ ಸವರಬೇಕು ಅಂದರೆ, ರೊಟ್ಟಿ ಬಿರುಸಾಗುವುದು ಒಣಗಿದ್ದರಿಂದ ಮಾತ್ರವಲ್ಲ. ಬೆಂದ ಹಿಟ್ಟಿನ ಪಿಷ್ಟ ಆರಿದಾಗ ಮತ್ತೆ ಗಟ್ಟಿಯಾಗಿ ಜೋಡಿಕೊಳ್ಳುತ್ತದೆ. ನೀರು, ಬಿಸಿ ಎರಡೂ ತಾಗಿದರೆ ಅದು ಸಡಿಲಾಗುತ್ತದೆ. ಬರೀ ಬಿಸಿ ಮಾಡಿದರೆ ಇನ್ನೂ ಬಿರುಸು.

ಉಳಿದ ಚಪಾತಿಯನ್ನು ಗರಿಗರಿ ಸುಟ್ಟು ಪುಡಿ ಮಾಡಿ, ಬೆಲ್ಲ, ಹುರಿದ ಎಳ್ಳು, ಶೇಂಗಾ, ತುಪ್ಪ ಸೇರಿಸಿ ಉಂಡೆ ಕಟ್ಟಿ. ಮಾದಲಿ ಮಾಡಿ ಪಳಗಿದ ಕೈಗೆ ಇದು ಕಷ್ಟವೇ ಅಲ್ಲ. ಪೇಟೆಯ ಬನ್ನು, ಬ್ರೆಡ್ಡು ಈಗ ಹಳ್ಳಿಯ ಅಂಗಡಿಗೂ ಬಂದಿವೆ. ಅವನ್ನೂ ಹೀಗೇ ಒಗ್ಗರಣೆಗೆ ಹಾಕಬಹುದು, ಮಜ್ಜಿಗೆ ಮಾತ್ರ ಬಹಳ ಕಡಿಮೆ ಸಾಕು.

ಮೈಸೂರು, ಮಂಡ್ಯ, ತುಮಕೂರು, ಕೋಲಾರದ ಕಡೆಯವರು "ನಮಗೆ ರೊಟ್ಟಿ ಎಲ್ಲಿ, ಮುದ್ದೆ ತಾನೇ" ಅನ್ನುತ್ತೀರಿ. ಉಳಿದ ಮುದ್ದೆಯನ್ನು ಆರಿಸಿ, ತೊಳೆದ ಮಡಕೆಯಲ್ಲಿ ಕುಡಿಯುವ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಕಿವುಚಿ ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿ ಕುಡಿಯಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಮಕ್ಕಳ ಎಲುಬಿಗೆ ಬೇಕಾದದ್ದು. ಬೇಸಿಗೆಯಲ್ಲಿ ಇದನ್ನು ಬೆಳಗಿನ ಹೊತ್ತೇ ಮುಗಿಸಿ, ಮಧ್ಯಾಹ್ನಕ್ಕೆ ಎತ್ತಿಡಬೇಡಿ.

ಅನ್ನದ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜ ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಪಾತ್ರೆಯಲ್ಲೇ ಕೂತರೆ ಅದು ಬೆಳೆದು ವಾಂತಿ ಬರಿಸುವ ವಿಷ ಬಿಡುತ್ತದೆ. ಆಮೇಲೆ ಚಿತ್ರಾನ್ನ ಮಾಡಿ ಎಷ್ಟು ಹುರಿದರೂ ಆ ವಿಷ ಹೋಗದು. ಆದ್ದರಿಂದ ಉಳಿದ ಅನ್ನವನ್ನು ಅಗಲ ತಟ್ಟೆಗೆ ಹರಡಿ ಬೇಗ ಆರಿಸಿ, ಫ್ರಿಜ್ಜು ಇದ್ದವರು ಎರಡು ಗಂಟೆಯೊಳಗೆ ಅದರಲ್ಲಿಡಿ.

ಈಗ ಬೂಸ್ಟು ಬಂದ ರೊಟ್ಟಿ. ಹಸಿರು, ಬಿಳಿ, ಕಪ್ಪು ಯಾವುದೇ ಇರಲಿ, ಆ ಚೂರು ಕಿತ್ತು ಉಳಿದದ್ದು ತಿನ್ನುವ ಪದ್ಧತಿ ಬಿಡಿ. ಮೆತ್ತನೆಯ ಪದಾರ್ಥದಲ್ಲಿ ಬೂಸ್ಟಿನ ಎಳೆ ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಸುಟ್ಟರೆ ಬೂಸ್ಟು ಸತ್ತೀತು, ಕೆಲವು ಜಾತಿಯ ಬೂಸ್ಟು ಬಿಟ್ಟ ವಿಷ ಉಳಿಯುತ್ತದೆ. ಕಾಳಿನಲ್ಲೇ ಬೂಸ್ಟು ಹಿಡಿದರೆ ಏನಾದೀತು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಉಂಟು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 1995ರಲ್ಲಿ ನಮ್ಮ ದಖ್ಖನ್ ಸೀಮೆಯ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಸ್ಟಾದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿತು.

"ನಮಗೆ ಬೇಡವಾದರೆ ಎಮ್ಮೆಗೆ ಹಾಕಿದರಾಯ್ತು" ಅನ್ನಬೇಡಿ. ಬೂಸ್ಟಿನ ವಿಷ ಕರೆಯುವ ದನದ ಹಾಲಿಗೆ ಇಳಿದು, ಹಾಲು ಕಾಸಿದರೂ ಹೋಗದೆ, ತಿರುಗಿ ನಿಮ್ಮ ಕೂಸಿನ ಬಟ್ಟಲಿಗೇ ಬರಬಹುದು. ಬೂಸ್ಟಾದದ್ದನ್ನು ಕೋಳಿಗೂ ಹಾಕದೆ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆಯಿರಿ.

ಬೂಸ್ಟಿಲ್ಲದ ಒಳ್ಳೆಯ ರೊಟ್ಟಿಯನ್ನು ದನಕ್ಕೆ ಹಾಕಬಹುದೇ? ಒಂದೆರಡು ಹಾಕಿ, ಚಿಂತೆಯಿಲ್ಲ. ಬುಟ್ಟಿಗಟ್ಟಲೆ ಬೇಡ. ಈ ಮಾತನ್ನು ಗಂಡಸರು ಗಮನವಿಟ್ಟು ಕೇಳಬೇಕು. ದನದ ಮೊದಲ ಹೊಟ್ಟೆಯಲ್ಲಿ ಮೇವು ಕರಗಿಸುವ ಕೋಟಿ ಕೋಟಿ ಸೂಕ್ಷ್ಮಜೀವಿಗಳಿವೆ. ಅವು ಹುಲ್ಲು, ಸೊಪ್ಪೆಗೆ ಒಗ್ಗಿದವು. ಒಮ್ಮೆಗೇ ರಾಶಿ ಅನ್ನ, ರೊಟ್ಟಿ, ಹಿಟ್ಟು ಬಿದ್ದರೆ ಒಳಗೆಲ್ಲ ಹುಳಿ ಏಳುತ್ತದೆ. ಆ ಹುಳಿ ರಕ್ತಕ್ಕೆ ಸೇರಿದರೆ ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಬಿಗಿಯುತ್ತದೆ, ಹುಳಿ ವಾಸನೆಯ ನೀರಾದ ಸಗಣಿ ಹಾಕುತ್ತದೆ, ತೂರಾಡಿ ಮಲಗಿಬಿಡುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುವುದೂ ಉಂಟು. ಎತ್ತು ಹೋದ ಮನೆಯ ಸಂಕಟ ನಿಮಗೆ ನಾನು ಹೇಳಬೇಕೇ?

ಇಂಥ ಅನಾಹುತಕ್ಕೆ ಮದುವೆ, ಜಾತ್ರೆಯ ಮರುದಿನವೇ ಹೆಚ್ಚು ಅವಕಾಶ. ಊಟದ ಎಲೆ, ಉಳಿದ ಅನ್ನ, ಪಾಯಸ, ಹೋಳಿಗೆ ಒಂದು ಮೂಲೆಗೆ ಸುರಿದಿರುತ್ತದೆ, ಬಿಟ್ಟ ದನ ಹೋಗಿ ಬಾಯಿ ಹಾಕುತ್ತದೆ. ಊಟ ಹಾಕಿಸುವ ಮನೆಯವರು ಮೊದಲೇ ಗುಂಡಿ ತೋಡಿಸಿಟ್ಟು ಆಗಿಂದಾಗ್ಗೆ ಮಣ್ಣು ಮುಚ್ಚಿಸಿರಿ. ನೆರೆಯವರು ಆ ಎರಡು ದಿನ ದನ ಕಟ್ಟಿ ಹಾಕಿಕೊಳ್ಳಿರಿ. ದನ ತಿಂದದ್ದು ಗೊತ್ತಾದರೆ ಅದು ಮಲಗುವ ತನಕ ಕಾಯಬೇಡಿ. ಕಾಳು, ಹಿಂಡಿ ನಿಲ್ಲಿಸಿ ಒಣಹುಲ್ಲು ಮಾತ್ರ ಮುಂದಿಡಿ. ಮನೆಮದ್ದು ಅಂತ ಗೊಟ್ಟದಲ್ಲಿ ಏನನ್ನೂ ಹೊಯ್ಯದೆ, ಹತ್ತಿರದ ಪಶು ಆಸ್ಪತ್ರೆಗೆ ಹೇಳಿ ಕಳಿಸಿ ಅಥವಾ 1962 ಸಂಖ್ಯೆಗೆ ಫೋನು ಮಾಡಿ. ದನ ಏನು ತಿಂತು, ಎಷ್ಟು ತಿಂತು, ಎಷ್ಟು ಹೊತ್ತಿನ ಹಿಂದೆ ತಿಂತು, ಈ ಮೂರನ್ನೂ ಡಾಕ್ಟರಿಗೆ ಮರೆಯದೆ ಹೇಳಿ.